ಹಳೇ ಜೀಪಿಗೆ ಎಷ್ಟು ಗಟ್ಟಿ ಆಕ್ಸಲ್ ಬೇಕು?

ಮೈಸೂರಲ್ಲಿ ಹಳೇ ಜೀಪ್ ತಗೊಂಡು ಹೊಸದಾಗಿ ಕಟ್ಟಿಸೋ ಆಸೆ ಇರೋರಿಗೆ ಕೊರತೆ ಇಲ್ಲ. ಪಕ್ಕದಲ್ಲೇ ಕೊಡಗು, ಮಾಂದಲಪಟ್ಟಿಯಂಥ ಬೆಟ್ಟದ ದಾರಿ. ಆದರೆ ಚರ್ಚೆಯೆಲ್ಲ ಎಂಜಿನ್, ಟೈರ್, ಬಣ್ಣದ್ದೇ. ಹಿಂದಿನ ಆಕ್ಸಲ್ ಬಗ್ಗೆ ಕೇಳಿದ್ರೆ "ಹಳೇ ಕಾಲದ ಕಬ್ಬಿಣ, ಏನೂ ಆಗಲ್ಲ" ಅನ್ನೋ ಉತ್ತರ. ಆಗುತ್ತೋ ಇಲ್ವೋ ಅಂತ ನೋಡೋಕೆ ನಾವು ಓದುವ ಟಾರ್ಶನ್ ಪಾಠವೇ ಸಾಕು. ಮಹೀಂದ್ರಾ ನಮ್ಮಲ್ಲಿ ಮಾಡುತ್ತಿದ್ದ ಸಿಜೆ-3ಬಿ ಜೀಪನ್ನೇ ಉದಾಹರಣೆಗೆ ತಗೊಳ್ಳೋಣ.

1. ಎಂಜಿನ್ ಎಷ್ಟು ಕೊಡುತ್ತೆ?

ಮೂಲ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುಮಾರು 155 ನ್ಯೂಟನ್-ಮೀಟರ್. ಫಸ್ಟ್ ಗೇರ್ 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46, ಕ್ರೌನ್-ಪಿನಿಯನ್ 5.38. ಎಲ್ಲ ಗುಣಿಸಿದರೆ ಸುಮಾರು 5,740 ನ್ಯೂಟನ್-ಮೀಟರ್. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರ ಆಗೋದರಿಂದ ಇದರ ದೊಡ್ಡ ಪಾಲು ಹಿಂದಕ್ಕೇ ಬರುತ್ತೆ.

2. ರಸ್ತೆ ಎಷ್ಟು ತಡೆಯುತ್ತೆ?

ಟೈರ್ ಜಾರಿದ ಮೇಲೆ ಟಾರ್ಕ್ ಏರಲ್ಲ. ಆ ಮಿತಿ = ಆಕ್ಸಲ್ ಮೇಲಿನ ಭಾರ × ಘರ್ಷಣೆ × ಟೈರಿನ ತ್ರಿಜ್ಯ. ಹಿಂದೆ 800 ಕೆ.ಜಿ., ಘರ್ಷಣೆ 0.8, ತ್ರಿಜ್ಯ 0.36 ಮೀಟರ್ ಅಂತ ಇಟ್ಕೊಂಡ್ರೆ:

800 × 9.81 × 0.8 × 0.36 = ಸುಮಾರು 2,260 ನ್ಯೂಟನ್-ಮೀಟರ್.

ಎರಡರಲ್ಲಿ ಯಾವುದು ಕಡಿಮೆಯೋ ಅದೇ ಆಕ್ಸಲ್ ಅನುಭವಿಸೋ ಟಾರ್ಕ್. ಇಲ್ಲಿ ಅದು 2,260. ಅಂದ್ರೆ ಲೋ ಗೇರಿನಲ್ಲಿ ಮಿತಿ ಹಾಕೋದು ಎಂಜಿನ್ ಅಲ್ಲ, ಟೈರು ಮತ್ತು ಭಾರ.

ಈಗ ದಪ್ಪ ಟೈರ್ ಹಾಕಿ (ತ್ರಿಜ್ಯ 0.42), ಹಿಂದೆ ಜನ, ಸಾಮಾನು ತುಂಬಿ 1,200 ಕೆ.ಜಿ. ಮಾಡಿ. ಮಿತಿ 3,955ಕ್ಕೆ ಏರುತ್ತೆ. ಎಂಜಿನ್ ಮುಟ್ಟದೇನೇ ಆಕ್ಸಲ್ ಮೇಲಿನ ಹೊರೆ 75% ಜಾಸ್ತಿ ಆಯ್ತು!

3. ಶಾಫ್ಟ್ ತಾಳುತ್ತಾ?

ಮಾಮೂಲಿ ಡಿಫರೆನ್ಷಿಯಲ್ ಎರಡು ಶಾಫ್ಟಿಗೂ ಅರ್ಧರ್ಧ ಕೊಡುತ್ತೆ. ಶಿಯರ್ ಸ್ಟ್ರೆಸ್ = 16 × ಟಾರ್ಕ್ ÷ (ಪೈ × ವ್ಯಾಸದ ಘನ). ಶಾಫ್ಟ್ 30 ಮಿ.ಮೀ. ಅಂದುಕೊಂಡ್ರೆ:

- ಮೂಲ ಟೈರು, ಮೂಲ ಭಾರ: 213 ಮೆಗಾಪಾಸ್ಕಲ್
- ದಪ್ಪ ಟೈರು, ಹೆಚ್ಚು ಭಾರ: 373 ಮೆಗಾಪಾಸ್ಕಲ್

ಹೀಟ್ ಟ್ರೀಟ್ಮೆಂಟ್ ಇಲ್ಲದ ಇಎನ್8 ಉಕ್ಕು ಶಿಯರ್‌ನಲ್ಲಿ ಸುಮಾರು 160ಕ್ಕೇ ಯೀಲ್ಡ್ ಆಗುತ್ತೆ. ಅಂದ್ರೆ ಲೇತಿನಲ್ಲಿ ಕಡೆಸಿ ಹಾಗೇ ಹಾಕಿದ ಶಾಫ್ಟ್ ಮೂಲ ಹೊರೆಗೂ ಸಾಲಲ್ಲ. ಹದ ಮಾಡಿದ ಇಎನ್24ಕ್ಕೆ ಮಿತಿ ಸುಮಾರು 375. ನಮ್ಮ 373ರ ಪಕ್ಕ ಇಟ್ಟು ನೋಡಿ, ಉಳಿಕೆ ಏನೂ ಇಲ್ಲ. ಒಂದು ಗುಂಡಿಗೆ ಧಡ್ ಅಂತ ಬಿದ್ರೆ ಮುಗೀತು.

ವ್ಯಾಸ 35 ಮಿ.ಮೀ. ಮಾಡಿದ್ರೆ? ಘನದ ಲೆಕ್ಕ ಆದ್ದರಿಂದ ಸ್ಟ್ರೆಸ್ 235ಕ್ಕೆ ಇಳಿಯುತ್ತೆ. 5 ಮಿ.ಮೀ.ಗೆ ಸುಮಾರು 59% ಹೆಚ್ಚು ಶಕ್ತಿ. ಗುಜರಿಯಲ್ಲಿ ಅಳೆಯುವಾಗ ದಪ್ಪ ಭಾಗ ಅಳೀಬೇಡಿ, ಸ್ಪ್ಲೈನ್ ಹಲ್ಲುಗಳ ಬುಡದ ವ್ಯಾಸ ಅಳೀರಿ. ತೆಳುವಾದ ಜಾಗವೇ ಅದು.

ಲಾಕರ್ ಹಾಕಿಸೋರು ಇನ್ನೂ ಹುಷಾರು. ಒಂದು ಚಕ್ರ ಗಾಳಿಯಲ್ಲಿ, ಪೂರ್ತಿ ಭಾರ ಇನ್ನೊಂದರ ಮೇಲೆ ಬಿದ್ರೆ ಇಡೀ 3,955 ಒಂದೇ ಶಾಫ್ಟಿಗೆ.

4. ಭಾರ ಹೊರೋದು ಯಾರು?

ಇದು ಪ್ರಾಣದ ಪ್ರಶ್ನೆ. ಸೆಮಿ-ಫ್ಲೋಟಿಂಗ್ ಆಕ್ಸಲಿನಲ್ಲಿ ಶಾಫ್ಟೇ ತಿರುಗಿಸುತ್ತೆ, ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತೆ. ಬಾಗುವ ಸ್ಟ್ರೆಸ್ ಮೇಲಿನ ಲೆಕ್ಕಕ್ಕೆ ಇನ್ನೂ ಸೇರುತ್ತೆ. ಹೊರ ತುದಿಯಲ್ಲಿ ಶಾಫ್ಟ್ ಮುರಿದ್ರೆ ಚಕ್ರವೇ ಕಳಚಿ ಹೋಗಬಹುದು. ಫುಲ್-ಫ್ಲೋಟಿಂಗ್‌ನಲ್ಲಿ ಹಬ್ ಎರಡು ಬೇರಿಂಗ್ ಮೇಲೆ ಹೌಸಿಂಗಿಗೇ ಕೂತಿರುತ್ತೆ, ಶಾಫ್ಟಿನ ಕೆಲಸ ತಿರುಗಿಸೋದಷ್ಟೇ. ಅದು ಮುರಿದ್ರೂ ಚಕ್ರ ಜಾಗದಲ್ಲೇ ಇರುತ್ತೆ. ಲಾರಿ, ಬಸ್ಸಿನ ಹಿಂಚಕ್ರದ ನಡುವೆ ಸುತ್ತಲೂ ಬೋಲ್ಟ್ ಇರುವ ತಟ್ಟೆ ನೋಡಿರ್ತೀರಲ್ಲ? ಅದೇ ಆ ಶಾಫ್ಟಿನ ತಲೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಹಿಂದೆ ಇದ್ದದ್ದು ಫುಲ್-ಫ್ಲೋಟಿಂಗ್, ಸಿಜೆ-3ಬಿಯಲ್ಲಿ ಸೆಮಿ-ಫ್ಲೋಟಿಂಗ್.

5. ಕೊನೆಗೆ ನೋಡಬೇಕಾದ್ದು

ಫೋರ್-ವೀಲ್ ಗಾಡಿ ಆದ್ರೆ ಮುಂದೆ, ಹಿಂದೆ ಕ್ರೌನ್-ಪಿನಿಯನ್ ಅನುಪಾತ ಒಂದೇ ಇರಬೇಕು. ಇಲ್ಲಾಂದ್ರೆ ಎರಡು ಆಕ್ಸಲೂ ಒಂದಕ್ಕೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯ ಮೂಲ ಸ್ವರೂಪ ಬದಲಾಯಿಸೋದಕ್ಕೆ ಮಿತಿ ಹಾಕುತ್ತೆ. ದುಡ್ಡು ಸುರಿಯೋಕೆ ಮುಂಚೆ ಆರ್‌ಟಿಒನಲ್ಲಿ ವಿಚಾರಿಸಿ.

ಗ್ಯಾರೇಜಿಗೆ ಹೋಗೋ ಮೊದಲು ಚೀಟಿಯಲ್ಲಿ ನಾಲ್ಕು ವಿಷಯ ಬರ್ಕೊಳ್ಳಿ: ಹಿಂದಿನ ಭಾರ, ಟೈರಿನ ತ್ರಿಜ್ಯ, ಶಾಫ್ಟಿನ ಸಣ್ಣ ವ್ಯಾಸ, ಉಕ್ಕಿನ ಜಾತಿ. ಉಳಿಕೆ ಸಾಲದಿದ್ರೆ ಮೊದಲು ಟೈರ್ ಚಿಕ್ಕದು ಮಾಡಿ, ಭಾರ ಇಳಿಸಿ. ಅದಕ್ಕೆ ಖರ್ಚೂ ಕಡಿಮೆ. ಅದು ಆಗಲ್ಲ ಅಂದ್ರೆ ಮಾತ್ರ ದೊಡ್ಡ ಆಕ್ಸಲ್ ಹುಡುಕಿ.