ಮರದ ಪೊಟರೆಯ ದೊಡ್ಡ ಜೇಡಗಳೂ ಅವುಗಳ ಮೈಬಣ್ಣವೂ

ಹಳೆಯ ಮರಗಳನ್ನು ಕಡಿಯುವಾಗ ಪೊಟರೆಯೊಳಗಿನಿಂದ ಅಂಗೈಯಗಲದ ಜೇಡವು ಹೊರಬೀಳುವುದುಂಟು. ಕಂಡೊಡನೆ ಆಳುಗಳು ಅದನ್ನು ಬಡಿದು ಕೊಲ್ಲುವುದೂ ಪೊಟರೆಗೆ ಬೆಂಕಿಯಿಕ್ಕುವುದೂ ಉಂಟು. ಈ ಪ್ರಾಣಿಯ ಸ್ವಭಾವವನ್ನರಿತಲ್ಲಿ ಇವೆರಡೂ ಅನಾವಶ್ಯಕವೆಂಬುದು ವಿಶದವಾಗುವುದು.

ಜಾತಿ.— ಟರಾಂಟುಲ ಎಂಬ ದೊಡ್ಡ ಜೇಡಗಳ ವರ್ಗದಲ್ಲಿ ಮರವಾಸಿಗಳಾದ ಪೀಸಿಲೋಥೀರಿಯ ಕುಲದವು ಭಾರತ ಮತ್ತು ಸಿಂಹಳಗಳಲ್ಲಿ ಮಾತ್ರವೇ ಇರುತ್ತವೆ. ಮೈಸೂರಿನ ಹೆಸರಿನಿಂದ ಕರೆಯಲ್ಪಡುವ ಸ್ಟ್ರಿಯೇಟ ಎಂಬ ಜಾತಿಯನ್ನು ಪೋಕಾಕ್ ಎಂಬ ಆಂಗ್ಲ ಪಂಡಿತನು 1895ರಲ್ಲಿ ವರ್ಣಿಸಿದನು. ಕಾಲುಗಳನ್ನು ಚಾಚಿದಾಗ ದೊಡ್ಡ ಹೆಣ್ಣುಜೇಡವು 6 ಅಂಗುಲಕ್ಕೂ ಮಿಕ್ಕಿರುವುದು.

ಅಡಗಿಸುವ ಬಣ್ಣ.— ಇವುಗಳ ಬೆನ್ನೂ ಕಾಲುಗಳ ಮೇಲ್ಭಾಗವೂ ಬೂದು, ಕಪ್ಪು, ಬಿಳುಪು ಬಣ್ಣಗಳ ಪಟ್ಟೆಗಳಿಂದ ಕೂಡಿದ್ದು, ಕಲ್ಲುಹೂ ಹತ್ತಿದ ತೊಗಟೆಯಂತೆ ತೋರುವುವು. ಪಟ್ಟೆಗಳು ಶರೀರದ ಆಕಾರವನ್ನು ತುಂಡುತುಂಡಾಗಿ ಕಾಣಿಸುವುದರಿಂದ, ತೊಗಟೆಗೆ ಒತ್ತಿ ಕುಳಿತ ಜೇಡವು ಹಕ್ಕಿಯ ಕಣ್ಣಿಗೂ ಸುಲಭವಾಗಿ ಬೀಳದು. ರಾತ್ರಿ ಪೊಟರೆಯ ಬಾಯಲ್ಲಿ ನಿಶ್ಚಲವಾಗಿ ಕಾದಿದ್ದು ಜಿರಲೆ, ಮಿಡತೆ, ಪತಂಗ ಮುಂತಾದುವನ್ನು ಹಿಡಿಯುವುದಕ್ಕೂ ಇದೇ ಮರೆಯು ಸಹಕಾರಿಯಾಗಿದೆ.

ಬೆದರಿಸುವ ಬಣ್ಣ.— ಅಮೆರಿಕಾ ಖಂಡದ ಅನೇಕ ಟರಾಂಟುಲಗಳು ತುರಿಕೆಯ ರೋಮಗಳನ್ನು ಎರಚಿ ಶತ್ರುವನ್ನು ಓಡಿಸುತ್ತವೆ. ನಮ್ಮ ದೇಶದವುಗಳಿಗೆ ಆ ಸಾಧನವಿಲ್ಲ. ಆದಕಾರಣ ಮೊದಲು ಅಡಗುವುವು, ಬಳಿಕ ಅತಿವೇಗದಿಂದ ಓಡುವುವು. ದಾರಿಗಾಣದಿದ್ದಲ್ಲಿ ಮುಂಗಾಲುಗಳನ್ನೆತ್ತಿ ನಿಲ್ಲುವುವು. ರೆಗಾಲಿಸ್ ಎಂಬ ಜಾತಿಯಲ್ಲಿ ಆಗ ಮುಂದಿನ ಎರಡು ಜೊತೆ ಕಾಲುಗಳ ಅಡಿಭಾಗದ ಉಜ್ವಲವಾದ ಹಳದಿಯು ಥಟ್ಟನೆ ಹೊಳೆಯುವುದು. ಇದು ಎಚ್ಚರಿಕೆಯ ಗುರುತು. ಇದನ್ನು ಕಂಡವನು ಹಿಂದೆ ಸರಿಯತಕ್ಕುದು, ಮುಟ್ಟಿದರೆ ಕಡಿಯುವುದು. ಕಡಿತದಿಂದ ತೀವ್ರವಾದ ನೋವೂ ಸ್ನಾಯುಗಳ ಸೆಳೆತವೂ ಉಂಟಾಗುವುದರಿಂದ ವೈದ್ಯರ ಬಳಿಗೆ ಹೋಗತಕ್ಕುದು.

ನೀಲಿಯ ಜಾತಿ.— ಅನಂತಪುರ ಸೀಮೆಯ ಗುತ್ತಿಯಲ್ಲಿ ದೊರೆತು 1899ರಲ್ಲಿ ವರ್ಣಿತವಾದ ಮೆಟಾಲಿಕ ಎಂಬ ಜಾತಿಯು ಹೊಳೆಯುವ ನೀಲಿಯದು. ಈ ನೀಲಿಯು ವರ್ಣದ್ರವ್ಯದಿಂದ ಬಂದುದಲ್ಲ. ರೋಮಗಳ ಅತಿಸೂಕ್ಷ್ಮ ರಚನೆಯಿಂದ ಬೆಳಕು ಚದರಿ ಉಂಟಾದುದು. ಈ ಅಂದವೇ ಅದಕ್ಕೆ ಕುತ್ತಾಗಿದೆ. ಪರದೇಶಗಳಲ್ಲಿ ಸಾಕುವವರಿಗೆ ಮಾರುವ ಸಲುವಾಗಿ ಇಂಥ ಜೇಡಗಳನ್ನು ಹಿಡಿಯುವವರಿದ್ದಾರೆ. ಮರ ಕಡಿಯುವುದರಿಂದ ಅದರ ನೆಲೆಯೂ ಕಿರಿದಾಗಿ, ಅದು ಅಳಿವಿನ ಅಂಚಿಗೆ ಬಂದಿರುವುದು. 2019ರಲ್ಲಿ ಈ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಯಿತು.

ಗ್ರಾಮಪ್ರಮುಖರೂ ಜಮೀನುದಾರರೂ ಗಮನಿಸತಕ್ಕ ಅಂಶಗಳು.—
1. ಪೊಟರೆಗಳುಳ್ಳ ಹಳೆಯ ಮರಗಳನ್ನು ಬದುಗಳಲ್ಲಿಯೂ ತೋಪುಗಳಲ್ಲಿಯೂ ಸಾಧ್ಯವಾದಷ್ಟು ಉಳಿಸುವುದು.
2. ಪೊಟರೆಗೆ ಬೆಂಕಿಯಿಡದಂತೆಯೂ ಬರಿಗೈ ಹಾಕದಂತೆಯೂ ಆಳುಗಳಿಗೆ ತಿಳಿಯಹೇಳುವುದು.
3. ಮನೆಯೊಳಕ್ಕೆ ಬಂದ ಜೇಡವನ್ನು ಅಗಲಬಾಯಿಯ ಡಬ್ಬಿಯಿಂದ ಮುಚ್ಚಿ, ಅಡಿಯಲ್ಲಿ ರಟ್ಟು ಸೇರಿಸಿ, ಮರದ ಬುಡದಲ್ಲಿ ಬಿಡುವುದು.
4. ಹೊರಗಿನವರು ಜೇಡಗಳನ್ನು ಹಿಡಿಯಲು ಬಂದಲ್ಲಿ ಅರಣ್ಯ ಇಲಾಖೆಗೆ ಕೂಡಲೆ ತಿಳಿಸುವುದು.

ಬೆಳೆಗೆ ಯಾವ ಹಾನಿಯನ್ನೂ ಮಾಡದೆ ಕೀಟಗಳನ್ನು ತಿಂದು ಬಾಳುವ ಈ ಪ್ರಾಣಿಗೆ ಹಳೆಯ ಮರವೊಂದೇ ಆಶ್ರಯ. ತೊಗಟೆಯನ್ನು ಹೋಲುವ ಬಣ್ಣವು ತೊಗಟೆಯಿರುವವರೆಗೆ ಮಾತ್ರ ಅದನ್ನು ಕಾಯಬಲ್ಲುದು.