ಅಪ್ಪನ ಜಾಮೀನು, ಮಗಳ ಬಿಸಿನೆಸ್ ಲಾ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಅಕೌಂಟ್ಸ್ ಅಂದರೆ ನನಗೆ ಇಷ್ಟ, ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುವವರೆಗೆ ಊಟದ ನೆನಪೂ ಆಗುವುದಿಲ್ಲ. ಆದರೆ ಬಿಸಿನೆಸ್ ಲಾ ಕೈಗೆ ಹತ್ತುತ್ತಿಲ್ಲ. ಸರ್ ನೋಟ್ಸ್ ಬರೆಸುತ್ತಾರೆ, ನಾನು ಸೆಕ್ಷನ್ ನಂಬರಿನ ಸಮೇತ ಬಾಯಿಪಾಠ ಮಾಡುತ್ತೇನೆ. ಆದರೂ ಇಂಟರ್ನಲ್ಸ್‌ನಲ್ಲಿ 20ಕ್ಕೆ 6 ಬಂತು. ವಾಯ್ಡ್ ಯಾವುದು, ವಾಯ್ಡಬಲ್ ಯಾವುದು ಎಂದು ಈಗಲೂ ಗೊಂದಲ. ಅಂಗಡಿ ಲೆಕ್ಕ ಬರೆಯಲು ಬಂದವಳಿಗೆ ಈ ಕಾನೂನು ಯಾಕೆ ಅನ್ನಿಸುತ್ತದೆ. ಮನೆಯಲ್ಲೂ ನೆಮ್ಮದಿ ಇಲ್ಲ. ಅಪ್ಪ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರು. ಈಗ ಸೊಸೈಟಿಯಿಂದ ಅಪ್ಪನ ಹೆಸರಿಗೇ ನೋಟಿಸು ಬಂದಿದೆ. ಸಾಲ ತಗೊಂಡವರು ಅವರು, ನೋಟಿಸು ನಮಗ್ಯಾಕೆ ಎಂದು ಅಪ್ಪ ದಿನಾ ಕೇಳುತ್ತಾರೆ. ಇದರ ನಡುವೆ ಓದು ತಲೆಗೆ ಹೋಗುವುದಾದರೂ ಹೇಗೆ?
— ಹೆಸರು ಬೇಡ

ಉತ್ತರ: ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಕಾಲೇಜಿನದೊಂದು, ಮನೆಯದೊಂದು, ಹೀಗೆ ಎರಡು ಕಷ್ಟ ಕಂಡವು. ಎರಡನೇ ಸಲ ಓದುವಾಗ ಅವೆರಡೂ ಒಂದೇ ಪುಸ್ತಕದೊಳಗಿವೆ ಎಂದು ಹೊಳೆಯಿತು. ಅಪ್ಪ ದಿನಾ ಕೇಳುವ ಆ ಪ್ರಶ್ನೆಗೆ ಉತ್ತರ ನಿನ್ನ ಬ್ಯಾಗಿನಲ್ಲಿಯೇ ಇದೆ. ಹಾಗಾಗಿ ಇಂಟರ್ನಲ್ಸ್‌ನ ಅಂಕದ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಅಪ್ಪನ ನೋಟಿಸಿನಿಂದಲೇ ಓದಲು ಶುರುಮಾಡೋಣ.

1872ರ ಭಾರತೀಯ ಕರಾರು ಕಾಯ್ದೆಯ 126ನೇ ಸೆಕ್ಷನ್ ತೆಗೆ. ಅಲ್ಲಿ ಮೂರು ಜನ ಇದ್ದಾರೆ. ಸಾಲ ಪಡೆದವನು, ಸಾಲ ಕೊಟ್ಟವನು, ಮತ್ತು ‘ಅವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂದವನು. ಮೂರನೆಯವರೇ ನಿನ್ನ ಅಪ್ಪ. ನೋಟ್ಸಿನಲ್ಲಿ ಅವರ ಹೆಸರು ಶ್ಯೂರಿಟಿ, ನಮ್ಮ ಊರಲ್ಲಿ ಜಾಮೀನುದಾರ. ಈಗ 128ಕ್ಕೆ ಬಾ. ಒಂದೇ ವಾಕ್ಯದ ಸೆಕ್ಷನ್ ಅದು. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ. ‘ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ಜಾಮೀನುದಾರನ ಬಳಿ ಬನ್ನಿ’ ಎಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ನಮ್ಮಲ್ಲಿ ಜಾಮೀನು ಹಾಕುವವರೆಲ್ಲ ಹಾಗೊಂದು ನಿಯಮ ಇದೆಯೆಂದು ನಂಬಿಕೊಂಡೇ ಸಹಿ ಹಾಕುತ್ತಾರೆ. ಬ್ಯಾಂಕ್ ಆಫ್ ಬಿಹಾರ್ ವಿರುದ್ಧ ದಾಮೋದರ್ ಪ್ರಸಾದ್ ಎಂಬ ಮೊಕದ್ದಮೆಯಲ್ಲಿ ಕೆಳಗಿನ ಕೋರ್ಟು ಬ್ಯಾಂಕಿಗೆ ಹೇಳಿದ್ದೂ ಅದನ್ನೇ: ಮೊದಲು ಸಾಲಗಾರನ ಮೇಲೆ ಎಲ್ಲ ಪ್ರಯತ್ನ ಮುಗಿಸಿ, ನಂತರ ಜಾಮೀನುದಾರನ ಬಳಿ ಹೋಗಿ. ಸುಪ್ರೀಂ ಕೋರ್ಟು ಆ ಷರತ್ತನ್ನು ತೆಗೆದುಹಾಕಿತು. ಸಾಲಗಾರನಿಂದ ಬರದಿದ್ದಾಗ ತಕ್ಷಣ ಕೈಗೆ ಸಿಗಲೆಂದೇ ಜಾಮೀನು ಪಡೆಯುವುದು, ಕಾಯಿಸುವುದಾದರೆ ಜಾಮೀನಿನ ಪ್ರಯೋಜನವೇ ಉಳಿಯುವುದಿಲ್ಲ ಎಂಬುದು ಅದರ ತರ್ಕ. ಅಪ್ಪನ ಹೆಸರಿಗೆ ನೋಟಿಸು ಬಂದ ಕಾರಣ ಇಷ್ಟೇ. ಕೇಳಲು ಕಠಿಣ ಅನ್ನಿಸುತ್ತದೆ, ಆದರೆ ‘ಇದು ಅನ್ಯಾಯ’ ಎಂದು ನೋಟಿಸನ್ನು ಮೂಲೆಗೆ ಎಸೆಯುವುದು ಇದಕ್ಕಿಂತ ದೊಡ್ಡ ಅಪಾಯ. ಅಪ್ಪನಿಗೆ ಈ ಮಾತನ್ನು ನೀನೇ ತಿಳಿಸಿ ಹೇಳು.

ನಿನಗೆ ಇನ್ನೊಂದು ಅನುಮಾನ ಬರಬೇಕು, ಬಂದರೆ ಒಳ್ಳೆಯದು. ಆ ಸಾಲದಲ್ಲಿ ಅಪ್ಪನ ಜೇಬಿಗೆ ಒಂದು ರೂಪಾಯಿಯೂ ಬಂದಿಲ್ಲ. ಪ್ರತಿಫಲ ಇಲ್ಲದ ಒಪ್ಪಂದ ಊರ್ಜಿತವಲ್ಲ ಎಂದು 25ನೇ ಸೆಕ್ಷನ್ ಹೇಳುತ್ತದೆಯಲ್ಲ, ಹಾಗಾದರೆ ಅಪ್ಪನ ಜಾಮೀನು ಹೇಗೆ ನಿಂತಿತು? ಈ ಪ್ರಶ್ನೆಯನ್ನು ನೀನೇ ಕೇಳಿಕೊಂಡರೆ ಅರ್ಧ ಬಿಸಿನೆಸ್ ಲಾ ಕಲಿತಂತೆ. 127ನೇ ಸೆಕ್ಷನ್ ಇರುವುದೇ ಇದಕ್ಕಾಗಿ. ಸಾಲಗಾರನಿಗಾಗಿ ಸಾಲ ಕೊಟ್ಟವನು ಏನು ಮಾಡಿದರೂ ಅದೇ ಜಾಮೀನಿಗೆ ಸಾಕಾಗುವ ಪ್ರತಿಫಲ. ಅಂಗಡಿಯವನು ಉದ್ರಿ ಕೊಡುವುದು ಇನ್ನೊಬ್ಬರ ಮಾತಿನ ಮೇಲೆ. ಸರಕು ಹೋಗುವುದು ಉದ್ರಿ ಕೇಳಿದವನ ಮನೆಗೆ. ಮಾತು ಕೊಟ್ಟವನಿಗೆ ಏನೂ ಸಿಗದಿದ್ದರೂ ಆ ಸರಕು ಹೊರಟಿತಲ್ಲ, ಕಾನೂನಿಗೆ ಅಷ್ಟು ಸಾಕು.

ಇಲ್ಲಿ ಭಾಷೆಯ ಮಾತು ಬರುತ್ತದೆ. ಕನ್ಸಿಡರೇಷನ್ ಎಂಬ ಪದವನ್ನು ನಿಘಂಟಿನಲ್ಲಿ ನೋಡಿದರೆ ‘ಪರಿಗಣನೆ’ ಎಂದಿರುತ್ತದೆ. ನನ್ನ ವಿದ್ಯಾರ್ಥಿಗಳ ಪುಸ್ತಕಗಳಲ್ಲಿ ಆ ಪದದ ಮೇಲೆ ಪೆನ್ಸಿಲಿನಲ್ಲಿ ‘ಪರಿಗಣನೆ’ ಎಂದು ಬರೆದಿದ್ದನ್ನು ಎಷ್ಟು ಸಲ ಕಂಡಿದ್ದೇನೋ. ಆ ಅರ್ಥ ಹಿಡಿದು ಓದಿದರೆ ಇಡೀ ಅಧ್ಯಾಯ ಮಂಜು ಮುಸುಕಿದಂತಾಗುತ್ತದೆ. ಅಲ್ಲಿ ಬೇಕಾದ ಅರ್ಥ ಪ್ರತಿಫಲ, ಅಂದರೆ ‘ನಾನು ಇದನ್ನು ಮಾಡುತ್ತೇನೆ, ಅದಕ್ಕೆ ನೀನು ಏನು ಕೊಡುತ್ತೀಯ?’ ಎಂಬುದು. ಕನ್ನಡ ಮಾಧ್ಯಮದಿಂದ ಬಂದೆನೆಂದು ನೀನು ಹಿಂಜರಿಯುತ್ತೀ, ಆದರೆ ಈ ವಿಷಯದಲ್ಲಿ ಅದೇ ನಿನ್ನ ಬಂಡವಾಳ. ಅಮ್ಮ ಬಂಗಾರದ ಬಳೆ ಇಟ್ಟು ಸಾಲ ತಂದದ್ದು ಗಿರವಿ, ನಿನ್ನ ಪುಸ್ತಕದ ಪ್ಲೆಡ್ಜ್. ಟೈಲರ್ ಕೈಗೆ ಬಟ್ಟೆ ಕೊಟ್ಟು ಬಂದದ್ದು ಬೇಲ್‌ಮೆಂಟ್. ಎಪಿಎಂಸಿಯಲ್ಲಿ ರೈತನ ಪರವಾಗಿ ಮೆಣಸಿನಕಾಯಿ ಮಾರಿಕೊಡುವ ದಲಾಲರ ವ್ಯವಹಾರ ಏಜೆನ್ಸಿ. ಇವೆಲ್ಲ ನಿನ್ನ ಊರಿನಲ್ಲಿ ನೀನು ಹುಟ್ಟುವ ಮೊದಲೇ ಇದ್ದವು. ಒಂದು ಚಿಕ್ಕ ನೋಟ್‌ಬುಕ್ ಮಾಡಿಕೋ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿನ್ನ ಊರಿನ ಪದ, ಅದರ ಕೆಳಗೆ ನಿನಗೆ ಗೊತ್ತಿರುವ ಒಂದು ಘಟನೆ. ನಲವತ್ತು ಪದ ಆಗುವಷ್ಟರಲ್ಲಿ ಭಯ ಇಳಿಯುತ್ತದೆ. ಉತ್ತರ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಲು ನಿನ್ನ ವಿಶ್ವವಿದ್ಯಾಲಯ ಅವಕಾಶ ಕೊಡುತ್ತದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೋ. ಗೆಳತಿಯರ ಮಾತು ನಂಬಿ ಸುಮ್ಮನಿರಬೇಡ.

ಈಗ ವಾಯ್ಡ್, ವಾಯ್ಡಬಲ್. ಬೀಜದ ಅಂಗಡಿಯವನು ಸುಳ್ಳೆಂದು ತಿಳಿದೂ ‘ಇದು ಇಂಥದೇ ತಳಿ’ ಎಂದು ಹೇಳಿ ರೈತನಿಗೆ ಬೇರೆ ಬೀಜ ಮಾರಿದ ಅಂದುಕೊ. ಅದು ವಂಚನೆ. ಈ ಕರಾರಿಗೆ ಜೀವ ಇದೆ, ಆದರೆ ಅದನ್ನು ಉಳಿಸುವುದೋ ಮುರಿಯುವುದೋ ಮೋಸಹೋದ ರೈತನ ಆಯ್ಕೆ. ಅಂಗಡಿಯವನಿಗೆ ಆ ಆಯ್ಕೆ ಇಲ್ಲ. ಇದು ವಾಯ್ಡಬಲ್, 19ನೇ ಸೆಕ್ಷನ್. ಇನ್ನು 16 ವರ್ಷದ ಹುಡುಗ ಅಪ್ಪನಿಗೆ ಗೊತ್ತಿಲ್ಲದಂತೆ ಜಮೀನು ಅಡವಿಟ್ಟು ಸಹಿ ಹಾಕಿದ ಅಂದುಕೊ. ಆ ಕಾಗದಕ್ಕೆ ಜೀವವೇ ಇಲ್ಲ, ಉಳಿಸಿಕೊಳ್ಳುವ ಆಯ್ಕೆ ಯಾರ ಕೈಯಲ್ಲೂ ಇಲ್ಲ. ಇದು ವಾಯ್ಡ್. ಕಲ್ಕತ್ತಾದಲ್ಲಿ ಧರ್ಮದಾಸ್ ಘೋಷ್ ಎಂಬ ಅಪ್ರಾಪ್ತ 20,000 ರೂಪಾಯಿಗೆ ಆಸ್ತಿ ಅಡಮಾನ ಮಾಡಿದ್ದ. 1903ರಲ್ಲಿ ಪ್ರಿವಿ ಕೌನ್ಸಿಲ್ ಆ ಕರಾರು ಮೊದಲಿನಿಂದಲೇ ಶೂನ್ಯ ಎಂದಿತು, ಸಾಲ ಕೊಟ್ಟ ಕಡೆಯವರು ಹಣ ವಾಪಸು ಕೇಳಿದರೂ ಒಪ್ಪಲಿಲ್ಲ. ಮೊಹೋರಿ ಬೀಬಿ ಮೊಕದ್ದಮೆ ಎಂದು ನಿನ್ನ ನೋಟ್ಸಿನಲ್ಲಿರುವುದು ಇದೇ. ನಿನಗೆ 18 ತುಂಬಿದೆ ತಾನೇ? ಹಾಗಿದ್ದರೆ ಆ ಹುಡುಗನಿಗಿದ್ದ ರಕ್ಷಣೆ ನಿನಗಿಲ್ಲ. ಇನ್ನು ಮುಂದೆ ಎಲ್ಲಿ ಸಹಿ ಹಾಕಿದರೂ ಓದಿ ಹಾಕು.

ಬಾಯಿಪಾಠದ ಮಾತಿಗೆ ಬರುತ್ತೇನೆ. 20ಕ್ಕೆ 6 ಬಂದದ್ದು ನಿನ್ನ ಬುದ್ಧಿಯ ಕೊರತೆಯಿಂದಲ್ಲ, ಓದಿದ ಕ್ರಮದಿಂದ. ಬರೆಸಿದ ನೋಟ್ಸಿನಲ್ಲಿ ನಿಯಮ ಮಾತ್ರ ಇರುತ್ತದೆ, ನಿಯಮ ಹುಟ್ಟಿದ ಜಗಳ ಇರುವುದಿಲ್ಲ. ಕಾಯ್ದೆಯನ್ನೇ ತೆರೆದು ನೋಡಿದರೆ ಸೆಕ್ಷನ್ನಿನ ಕೆಳಗೆ ಚಿಕ್ಕ ಚಿಕ್ಕ ಉದಾಹರಣೆಗಳಿರುತ್ತವೆ, ‘ಎ’ ಎಂಬುವನು, ‘ಬಿ’ ಎಂಬುವನು ಎಂದು. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಪೂರ್ತಿ ಕಾಯ್ದೆ ಉಚಿತವಾಗಿ ಸಿಗುತ್ತದೆ, ಮೊಬೈಲಿನಲ್ಲೇ ಓದಬಹುದು. 1,000 ರೂಪಾಯಿ ಬೆಲೆಯ ಕುದುರೆಯನ್ನು 10 ರೂಪಾಯಿಗೆ ಮಾರಲು ಒಬ್ಬ ಒಪ್ಪಿದ, ಒಪ್ಪಿಗೆ ಸ್ವಇಚ್ಛೆಯದಾಗಿತ್ತು, ಕರಾರು ಊರ್ಜಿತ. ಏನೂ ಪಡೆಯದೆ 1,000 ರೂಪಾಯಿ ಕೊಡುತ್ತೇನೆಂದು ಇನ್ನೊಬ್ಬ ಮಾತು ಕೊಟ್ಟ, ಅದು ಶೂನ್ಯ. ಎರಡೂ 25ನೇ ಸೆಕ್ಷನ್ನಿನ ಉದಾಹರಣೆಗಳೇ. ಇವೆರಡನ್ನು ಅಕ್ಕಪಕ್ಕ ಇಟ್ಟು ಹತ್ತು ನಿಮಿಷ ಯೋಚಿಸಿದರೆ ಪ್ರತಿಫಲ ‘ಇರಬೇಕು’, ಆದರೆ ‘ಸಮನಾಗಿರಬೇಕಿಲ್ಲ’ ಎಂಬುದು ತಾನಾಗಿ ತಿಳಿಯುತ್ತದೆ. ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಓದುತ್ತ ಹೋದಾಗ 75 ಮುಗಿದು 124 ಶುರುವಾಗುವುದನ್ನು ಕಂಡು ಗಾಬರಿಯಾಗಬೇಡ. ನಡುವಿನ ಸೆಕ್ಷನ್‌ಗಳು ಸರಕು ಮಾರಾಟಕ್ಕೆ ಸೇರಿದ್ದವು, 1930ರಲ್ಲಿ ಅವು ಬೇರೆ ಕಾಯ್ದೆಯಾಗಿ ಹೊರಟುಹೋದವು.

ಪರೀಕ್ಷೆಯಲ್ಲಿ ಸಮಸ್ಯೆ ಕೊಟ್ಟು ‘ತೀರ್ಮಾನಿಸಿ’ ಎನ್ನುವ ಪ್ರಶ್ನೆಗೆ ಹೆಚ್ಚಿನವರು ಸೆಕ್ಷನ್ ಬರೆದು ನಿಲ್ಲಿಸುತ್ತಾರೆ. ಲಾಲ್‌ಮನ್ ಶುಕ್ಲಾ ಮೊಕದ್ದಮೆ ತಗೊ. ಮಾಲೀಕನ ಕಡೆಯ ಹುಡುಗ ಕಾಣೆಯಾಗಿದ್ದ, ಹುಡುಕಲು ಮುನೀಮ ಲಾಲ್‌ಮನ್‌ನನ್ನು ಹರಿದ್ವಾರಕ್ಕೆ ಕಳಿಸಿದರು. ಅವನು ಹೋದ ಮೇಲೆ ಮಾಲೀಕ 501 ರೂಪಾಯಿ ಬಹುಮಾನ ಪ್ರಕಟಿಸಿದ. ಮುನೀಮನಿಗೆ ಅದು ತಿಳಿದಿರಲಿಲ್ಲ, ಹುಡುಗನನ್ನು ಹುಡುಕಿ ತಂದ. ಆಮೇಲೆ ಬಹುಮಾನ ಕೇಳಿದ. ಉತ್ತರ ಬರೆಯುವಾಗ ಯಾರು ಯಾರಿಗೆ ಯಾವಾಗ ಏನು ಹೇಳಿದರು ಎಂಬುದನ್ನು ಎರಡು ಸಾಲಿನಲ್ಲಿ ಹೇಳು. ಆಮೇಲೆ ಜಗಳದ ಗಂಟು ಎಲ್ಲಿದೆ ಎಂದು ಗುರುತಿಸು: ಪ್ರಸ್ತಾಪವೇ ತಿಳಿಯದವನು ಅದನ್ನು ಒಪ್ಪಿಕೊಂಡ ಎನ್ನಬಹುದೇ? ಅದಕ್ಕೆ ಹೊಂದುವ ನಿಯಮವನ್ನು ತಂದು, ಆ ಮುನೀಮನ ಹೆಸರು ಹಿಡಿದೇ ಅನ್ವಯಿಸು. ತೀರ್ಪು ಕೊನೆಯ ಸಾಲು. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಅವನಿಗೆ ಬಹುಮಾನ ಕೊಡಲಿಲ್ಲ. ಇದರ ಪಕ್ಕಕ್ಕೆ 1893ರ ಇಂಗ್ಲೆಂಡಿನ ಕಾರ್ಲಿಲ್ ಮೊಕದ್ದಮೆ ಇಟ್ಟು ನೋಡು. ಕಾರ್ಲಿಲ್ ಎಂಬಾಕೆ ಬಹುಮಾನದ ಜಾಹೀರಾತು ಓದಿ, ಅದರಲ್ಲಿ ಹೇಳಿದಂತೆ ಔಷಧ ಬಳಸಿದ್ದಳು, ಆದ್ದರಿಂದ 100 ಪೌಂಡ್ ಗೆದ್ದಳು. ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎರಡೂ ಕಥೆ ನೆನಪಿದ್ದರೆ ಸೆಕ್ಷನ್ ನಂಬರು ಮರೆತರೂ ಅಂಕ ಪೂರ್ತಿ ಹೋಗುವುದಿಲ್ಲ.

ಮತ್ತೆ ಅಪ್ಪನ ಬಳಿಗೆ. ಹೊಣೆ ಹೊರಿಸಿದ ಕಾಯ್ದೆಯೇ ಜಾಮೀನುದಾರನಿಗೆ ಕೆಲವು ಹಕ್ಕುಗಳನ್ನೂ ಕೊಟ್ಟಿದೆ. ಜಾಮೀನುದಾರನ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ (133). ಅಪ್ಪ ಹಣ ಕಟ್ಟಿದರೆ, ಸಾಲ ಕೊಟ್ಟವರಿಗೆ ಸಾಲಗಾರನ ಮೇಲಿದ್ದ ಹಕ್ಕುಗಳೆಲ್ಲ ಅಪ್ಪನಿಗೆ ಬರುತ್ತವೆ (140), ನ್ಯಾಯವಾಗಿ ಕಟ್ಟಿದ ಮೊತ್ತವನ್ನು ಸ್ನೇಹಿತರಿಂದ ವಸೂಲು ಮಾಡಬಹುದು (145). ಇನ್ನೊಬ್ಬರೂ ಜಾಮೀನು ಹಾಕಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ ಅವರೂ ಸಮಪಾಲು ಹೊರಬೇಕು (146). ಆದರೆ ಒಂದು ಎಚ್ಚರಿಕೆ. ಸಾಲ ಕೊಡುವವರು ಅಚ್ಚು ಹಾಕಿಸಿದ ಜಾಮೀನು ಪತ್ರಗಳಲ್ಲಿ ಇಂಥ ಕೆಲವು ಹಕ್ಕುಗಳನ್ನು ಮೊದಲೇ ಬಿಟ್ಟುಕೊಟ್ಟಂತೆ ಬರೆದಿರುವುದುಂಟು. ಆದ್ದರಿಂದ ಅಪ್ಪನ ಸಹಿ ಇರುವ ಆ ಪತ್ರವನ್ನು ನೋಡದೆ ನಾನಾಗಲಿ ನೀನಾಗಲಿ ಏನನ್ನೂ ಖಚಿತವಾಗಿ ಹೇಳಲಾಗದು. ಸೊಸೈಟಿಯಿಂದ ಅದರ ನಕಲು ಕೇಳಿ ಪಡೆಯಿರಿ. ಸ್ನೇಹಿತರ ಬಳಿ ಜಗಳಕ್ಕೆ ಹೋಗುವ ಮೊದಲು, ಅವರು ಎಷ್ಟು ಕಟ್ಟಿದ್ದಾರೆ, ಎಷ್ಟು ಬಾಕಿ ಎಂಬ ಲೆಕ್ಕವನ್ನೂ ಬರಹದಲ್ಲಿ ಕೇಳಿ. ಲೆಕ್ಕ ತಾಳೆ ನೋಡುವುದು ನಿನಗೆ ಚೆನ್ನಾಗಿ ಬರುತ್ತದೆ, ಆ ಕೆಲಸ ನಿನ್ನದೇ ಇರಲಿ.

ವಕೀಲರ ಕೆಲಸವನ್ನು ಮಾತ್ರ ನೀನು ಮಾಡಬೇಡ. ಒಂದು ಸೆಮಿಸ್ಟರ್ ಓದಿದ ಕಾನೂನು ಸರಿಯಾದ ಪ್ರಶ್ನೆ ಕೇಳಲು ಸಾಕು, ಉತ್ತರ ಪತ್ರ ಬರೆಯಲು ಸಾಲದು. ಸಹಕಾರ ಸಂಘದ ತಕರಾರುಗಳು ಸಾಮಾನ್ಯ ಸಿವಿಲ್ ಕೋರ್ಟಿಗೆ ಹೋಗದೆ, ರಾಜ್ಯದ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗುತ್ತವೆ. ಅಲ್ಲಿನ ರೀತಿ ಬೇರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಅಲ್ಲಿ ದಾರಿ ತೋರಿಸುತ್ತಾರೆ, ಅರ್ಹತೆ ಇದ್ದರೆ ಉಚಿತವಾಗಿ ವಕೀಲರನ್ನೂ ನೇಮಿಸುತ್ತಾರೆ. ನೋಟಿಸು, ಜಾಮೀನು ಪತ್ರದ ನಕಲು, ಬಾಕಿಯ ಲೆಕ್ಕ, ಮೂರನ್ನೂ ಒಂದು ಫೈಲಿನಲ್ಲಿ ಹಾಕಿಕೋ. ನೋಟಿಸಿನ ಕೊನೆಯಲ್ಲಿ ಉತ್ತರಿಸಲು ಎಷ್ಟು ದಿನ ಕೊಟ್ಟಿದ್ದಾರೆ ಎಂದು ಇವತ್ತೇ ನೋಡು. ಆ ದಿನ ದಾಟುವ ಮೊದಲು ಅಪ್ಪನ ಜೊತೆ ನೀನೂ ಹೋಗು.