ಸುಳಾದಿಯ ತಾಳವೂ ಮಿದುಳಿನ ಎಚ್ಚರವೂ



ಪ್ರತಿವರ್ಷವೂ ಕಾರ್ತಿಕ ಶುದ್ಧ ದಶಮಿಯಂದು ನಮ್ಮ ಚಿಪ್ಪಗಿರಿಯಲ್ಲಿ ಶ್ರೀ ವಿಜಯದಾಸರ ಆರಾಧನೆ ನಡೆಯುವುದನ್ನು ನೀವೆಲ್ಲರೂ ಬಲ್ಲಿರಿ. 1682ರಲ್ಲಿ ರಾಯಚೂರು ಸೀಮೆಯ ಚೀಕಲಪರವಿಯಲ್ಲಿ ಜನಿಸಿದ ದಾಸರು 1755ರಲ್ಲಿ ಈ ಊರಿನಲ್ಲಿಯೇ ದೇಹವಿಟ್ಟರು. ಅವರ ರಚನೆಗಳಲ್ಲಿ ಸುಳಾದಿಗಳು ವಿಶೇಷವಾಗಿ ಪ್ರಸಿದ್ಧವಾಗಿವೆ. ಸುಳಾದಿಯನ್ನು ಹಾಡುವಾಗ, ತಾಳದ ಹೆಸರನ್ನೂ ಅರಿಯದ ಮಗುವು ನುಡಿ ಬದಲಾದೊಡನೆ ತಲೆಯೆತ್ತಿ ನೋಡುವುದುಂಟು. ಇದಕ್ಕೆ ಕಾರಣವೇನು?

ಕೀರ್ತನೆಯು ಸಾಮಾನ್ಯವಾಗಿ ಮೊದಲಿನಿಂದ ಕೊನೆಯವರೆಗೆ ಒಂದೇ ತಾಳದಲ್ಲಿ ಸಾಗುತ್ತದೆ. ಸುಳಾದಿಯಾದರೋ ನುಡಿಯಿಂದ ನುಡಿಗೆ ತಾಳವನ್ನು ಬದಲಿಸುತ್ತದೆ. ಈಗಿನ ರೂಢಿಯ ಎಣಿಕೆಯಂತೆ ಧ್ರುವತಾಳಕ್ಕೆ 14 ಅಕ್ಷರಕಾಲ, ಮಟ್ಟತಾಳಕ್ಕೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಆದಿತಾಳಕ್ಕೆ 8. ಕೊನೆಗೆ ‘ಜತೆ’ ಬಂದು ಮುಗಿಸುತ್ತದೆ.

ನಮ್ಮ ಮಿದುಳು ಒಂದೇ ಬಗೆಯ ಸದ್ದನ್ನು ಬೇಗ ಬದಿಗಿರಿಸುತ್ತದೆ. ಗೋಡೆಯ ಗಡಿಯಾರದ ಸದ್ದು ನಮಗೆ ಕೇಳಿಸದಂತಾಗುತ್ತದೆ; ಅದು ನಿಂತರೆ ಮಾತ್ರ ತಟ್ಟನೆ ಅತ್ತ ನೋಡುತ್ತೇವೆ. 1978ರಲ್ಲಿ ಫಿನ್ಲೆಂಡ್ ದೇಶದ ನಾಟಾನೆನ್ ಮತ್ತು ಸಂಗಡಿಗರು ಇದರ ವಿದ್ಯುತ್ ಗುರುತನ್ನು ವಿವರಿಸಿದರು. ಸಮನಾದ ಸ್ವರಗಳ ನಡುವೆ ಒಂದು ಬೇರೆ ಸ್ವರ ಬಂದರೆ, ಕೇಳುವವನು ಪುಸ್ತಕ ಓದುತ್ತಿದ್ದರೂ ಸಹ, ಕಾಲು ಸೆಕೆಂಡಿನೊಳಗಾಗಿ ಮಿದುಳು ಆ ಭೇದವನ್ನು ಗುರುತಿಸುತ್ತದೆ.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ದೇವರಾಜನ್ ಶ್ರೀಧರನ್, ವಿನೋದ್ ಮೆನನ್ ಮೊದಲಾದವರು ಇನ್ನೂ ಮುಂದೆ ಹೋದರು. ದಾಸರ ಕಾಲದವನೇ ಆದ ಇಂಗ್ಲೆಂಡಿನ ವಿಲಿಯಂ ಬಾಯ್ಸ್ ರಚಿಸಿದ ವಾದ್ಯಸಂಗೀತವನ್ನು ಕೇಳಿಸಿ, ಯಂತ್ರದಿಂದ ಮಿದುಳನ್ನು ಪರೀಕ್ಷಿಸಿದರು. ಒಂದು ಭಾಗ ಮುಗಿದು ಇನ್ನೊಂದು ತೊಡಗುವ ಸಂಧಿಕಾಲದಲ್ಲಿಯೇ, ಆ ಕ್ಷಣದ ಮೌನದಲ್ಲಿಯೂ, ಮಿದುಳಿನ ಚಟುವಟಿಕೆ ಹೆಚ್ಚಿತು. ಬಲಪಾರ್ಶ್ವದಲ್ಲಿ ಅದು ವಿಶೇಷವಾಗಿ ಕಂಡಿತು. ಸುಳಾದಿಯಲ್ಲಿ ತಾಳ ಮಗ್ಗುಲು ಬದಲಿಸುವ ಸ್ಥಳವೂ ಅಂತಹುದೇ ಸಂಧಿಯೆಂದು ನಮಗೆ ತೋರುತ್ತದೆ.

ಹಾಗೆಂದು ಬರಿಯ ಬದಲಾವಣೆಯೇ ಸಂಗೀತವಲ್ಲ. ಕ್ಷಣಕ್ಕೊಂದು ತಾಳ ಹಿಡಿದರೆ ಗೊಂದಲವೇ ಉಳಿದೀತು. ಹಿಂದಿನ ತಾಳವು ಕಿವಿಯಲ್ಲಿ ನೆಲೆಗೊಂಡಿದ್ದರೆ ಮಾತ್ರ ಮುಂದಿನದು ಹೊಸದೆನಿಸುತ್ತದೆ. ಮುಂದೇನು ಬರುವುದೆಂದು ಮಿದುಳು ಸದಾ ಊಹಿಸುತ್ತಿರುತ್ತದೆ. ಆ ನಿರೀಕ್ಷೆ ಕೂಡುವುದರಲ್ಲಿಯೂ ತಪ್ಪುವುದರಲ್ಲಿಯೂ ರಸವಿದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅನೇಕ ವರ್ಷ ನಾವು ಪಾಠವನ್ನು ಒಂದೇ ಧ್ವನಿಯಲ್ಲಿ ಓದಿ ಹೇಳುತ್ತ, ತೂಕಡಿಸಿದ ಹುಡುಗರನ್ನು ಸೋಮಾರಿಗಳೆಂದು ಗದರಿದೆವು. ಒಮ್ಮೆ ಆರಾಧನೆಯಲ್ಲಿ ಅದೇ ಹುಡುಗರು ಇರುಳು ಬಹಳ ಹೊತ್ತಿನವರೆಗೆ ಕಣ್ಣರಳಿಸಿ ಕುಳಿತಿದ್ದುದನ್ನು ಕಂಡು ನಾಚಿದೆವು. ಸಂಗೀತದ ಪರೀಕ್ಷೆಯ ಫಲವನ್ನು ಪಾಠಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಅಂದಿನಿಂದ ನಾವು ಓದಿನ ನಡುವೆ ನಿಲ್ಲಿಸುತ್ತೇವೆ, ಪ್ರಶ್ನಿಸುತ್ತೇವೆ, ಮಕ್ಕಳಿಂದ ಹೇಳಿಸುತ್ತೇವೆ. ಈಗ ತೂಕಡಿಸುವವರು ಕಡಿಮೆ.

ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೆ: ಮನೆಯಲ್ಲಿ ಮಗುವಿನಿಂದ ಒಂದೇ ಪಾಠವನ್ನು ಒಂದೇ ರಾಗದಲ್ಲಿ ಇಪ್ಪತ್ತು ಬಾರಿ ಒಪ್ಪಿಸಿಕೊಳ್ಳಬೇಡಿರಿ. ಒಮ್ಮೆ ಓದಲಿ, ಒಮ್ಮೆ ಬರೆಯಲಿ, ಒಮ್ಮೆ ತಮ್ಮತಂಗಿಯರಿಗೆ ಹೇಳಿಕೊಡಲಿ. ಮಕ್ಕಳೇ, ನೀವು ಮುಂದಿನ ಆರಾಧನೆಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಸುಳಾದಿಯನ್ನು ಕೇಳಿರಿ. ನಿಮ್ಮ ಕೈ ಎಲ್ಲಿ ತಪ್ಪುವುದೋ, ಅಲ್ಲಿಯೇ ನಿಮ್ಮ ಮಿದುಳು ಎಚ್ಚೆತ್ತಿತೆಂದು ತಿಳಿಯಿರಿ.